ಈರುಳ್ಳಿ ಶೆಡ್ಡಿನ ಮುಯ್ಯಾಳುಗಳು

ಯಾರಾದರೂ ಕೆಲಸ ಮಾಡುತ್ತಿದ್ದರೆ ಬಾಯಿ ಮುಚ್ಚಿಕೊಂಡು ನೋಡುವುದು ನನ್ನಿಂದ ಆಗದ ಮಾತು. ಅವ್ವ ಎರಡು ಸಲ ನೀರು ಹೊತ್ತರೆ ಒಂದೇ ಸಲಕ್ಕೆ ಆಗುತ್ತಿತ್ತಲ್ಲ ಎನ್ನುತ್ತಿದ್ದೆ. ಅಪ್ಪ ಗೊಬ್ಬರವನ್ನು ಹೊಲದ ಈ ತುದಿಗೆ ಸುರಿಸಿದರೆ ಆ ತುದಿಗೆ ಯಾಕೆ ಸುರಿಸಲಿಲ್ಲ ಎಂದು ಕೇಳುತ್ತಿದ್ದೆ. "ಈ ಮನೇಲಿ ಮಾಡೋರು ಇಬ್ರು, ಹೇಳೋಳು ಒಬ್ಳು" ಎಂದು ಅವ್ವ ಬೈಯುತ್ತಿದ್ದಳು. ಇಂಥ ಬಾಯಿಗೆಂದೇ ಒಂದು ಡಿಗ್ರಿ ಇದೆ ಎಂದು ಗೊತ್ತಾದ ಮೇಲೆ ನಾನು ಬೇರೆ ಬ್ರಾಂಚಿನ ಕಡೆ ತಿರುಗಿಯೂ ನೋಡಲಿಲ್ಲ.

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಎಂದರೆ ನಮ್ಮ ಕಡೆ ಯಾರಿಗೂ ತಲೆಬುಡ ಗೊತ್ತಾಗುತ್ತಿರಲಿಲ್ಲ. ಸಿವಿಲ್ ಓದಿದವರು ಮನೆ ಕಟ್ಟಿಸುತ್ತಾರೆ, ಎಲೆಕ್ಟ್ರಿಕಲ್ ಓದಿದವರು ಬೋರ್‌ವೆಲ್ ಮೋಟರ್ ಸುಟ್ಟಾಗ ಬೇಕಾಗುತ್ತಾರೆ. ನೀನು ಯಾತಕ್ಕೆ ಬೇಕಾಗುತ್ತೀಯ ಎಂದು ಅಜ್ಜಂಪುರದಿಂದ ಕಡೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ದಿನಕ್ಕೊಬ್ಬರು ಕೇಳುತ್ತಿದ್ದರು. "ಜನ ಕೆಲ್ಸ ಮಾಡೋ ರೀತಿಯನ್ನೇ ರಿಪೇರಿ ಮಾಡ್ತೀನಿ ಕಣ್ರೀ" ಎನ್ನುತ್ತಿದ್ದೆ. ಕೆಲವರು ನಗುತ್ತಿದ್ದರು. ಒಬ್ಬರು ಮಾತ್ರ, ಹಾಗಾದರೆ ನಮ್ಮ ಮನೆಯ ಅಳಿಯನಿಂದ ಶುರುಮಾಡು ಎಂದಿದ್ದರು. ಕಡೂರಿನಲ್ಲಿ ಇಳಿದು ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ಡಿನ ಹಾಜರಿ ಎಷ್ಟೋ ಸಲ ಮುಗಿದಿರುತ್ತಿತ್ತು. ಮಾರ್ಕ್ಸಿನಲ್ಲಿ ಮಾತ್ರ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಕ್ಲಾಸಿನವರೆಲ್ಲ ದೊಡ್ಡ ಫ್ಯಾಕ್ಟರಿಗಳ ಬಾಗಿಲು ತಟ್ಟಿದರು. ನಾನು ಅಜ್ಜಂಪುರದ ಒಂದು ಈರುಳ್ಳಿ ಶೆಡ್ಡನ್ನು ಆರಿಸಿಕೊಂಡೆ. ಅವ್ವ ಸುಗ್ಗಿಯಲ್ಲಿ ಕೂಲಿಗೆ ಹೋಗುತ್ತಿದ್ದುದು ಅಲ್ಲಿಗೇ. ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ನಮ್ಮ ಬೀದಿಯ ಹೆಂಗಸರನ್ನೆಲ್ಲ ಗುಂಪು ಮಾಡಿ ಕರೆದುಕೊಂಡು ಹೋಗುವವಳು. ಹೊಲದಿಂದ ಬಂದ ಈರುಳ್ಳಿಯ ಒಣಗಿದ ದಂಟು ಕೊಯ್ದು, ದಪ್ಪ ಸಣ್ಣ ಬೇರೆ ಮಾಡಿ, ಚೀಲ ತುಂಬುವುದು ಅವರ ಕೆಲಸ. ಕಾಲಿನ ಬೆರಳಿಗೆ ಕುಡುಗೋಲು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕೂತಿರುತ್ತಿದ್ದರು. ಬುಟ್ಟಿ ತುಂಬಿದಾಗಲೆಲ್ಲ ಎದ್ದು, ಶೆಡ್ಡಿನ ಆಚೆ ಮೂಲೆಗೆ ಹೊತ್ತುಕೊಂಡು ಹೋಗಿ ಸುರಿದು ಬರಬೇಕು. ಆ ಮೂಲೆಯಲ್ಲೇ ಯಾಕೆ ರಾಶಿ ಹಾಕುತ್ತೀರಿ ಎಂದರೆ, ಮೊದಲಿಂದಲೂ ಅಲ್ಲೇ ಹಾಕೋದು ಎನ್ನುತ್ತಿದ್ದರು. ಕೂರಲು ತಗ್ಗಿನ ಬೆಂಚು, ಎದ್ದು ಹೋಗಬೇಕಿಲ್ಲದಂತೆ ಕೈಯಳತೆಯಲ್ಲೇ ರಾಶಿ: ಇಷ್ಟೇ ನನ್ನ ಯೋಜನೆ. ಇದರಿಂದ ಸೊಂಟವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದನ್ನು ತೋರಿಸಿಕೊಡಲು, ಈಗಿರುವ ರೀತಿಯಲ್ಲಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲು ಅಳೆಯಬೇಕಿತ್ತು.

ಶೆಡ್ಡಿನ ಯಜಮಾನರು ಒಪ್ಪಿದರು. "ಆದ್ರೆ ರಿಪೋರ್ಟಿಂದು ಒಂದು ಕಾಪಿ ನಂಗೂ ಬೇಕು ಕಣಮ್ಮ, ಕಾಲೇಜಿನ ಸೀಲ್ ಹಾಕ್ಸಿ ಕೊಡು" ಎಂದರು. ಅದಕ್ಕೇನಂತೆ ಎಂದೆ.

ಗೆಳತಿಯರು ಹೆಬ್ಬೆ ಜಲಪಾತಕ್ಕೆ ಹೋದ ಭಾನುವಾರ ನಾನು ಸ್ಟಾಪ್‌ವಾಚ್ ಹಿಡಿದು ಶೆಡ್ಡಿಗೆ ಹೋದೆ. ಆವತ್ತು ಅಲ್ಲಿ ನಡೆದಂಥ ಕೆಲಸ ನಾನು ಕಂಡಿರಲಿಲ್ಲ. ಸೀರಿಯಲ್ಲಿನ ಕಥೆ ಇಲ್ಲ, ಸೊಸೆಯಂದಿರ ದೂರು ಇಲ್ಲ. ಟೀ ಬಂದರೆ ಕೂತಲ್ಲೇ ಒಂದೇ ಗುಟುಕಿಗೆ ಮುಗಿಸಿ ಮತ್ತೆ ಕುಡುಗೋಲು. ಬುಟ್ಟಿ ಹೊತ್ತು ಓಡುತ್ತಿದ್ದರು. ನಾನು ಬರೆಯುವುದರೊಳಗೆ ಇನ್ನೊಂದು ಬುಟ್ಟಿ ತುಂಬುತ್ತಿತ್ತು. ನಮ್ಮ ಬೀದಿಯ ಹೆಂಗಸರು ಇಷ್ಟು ಚುರುಕೇ ಎಂದು ನನಗೆ ಹೆಮ್ಮೆ, ಹಿಗ್ಗು. ಸಂಜೆ ಚೀಲದ ಸಾಲು ನೋಡಿ ಯಜಮಾನರ ಹುಬ್ಬು ಮೇಲೇರಿತು.

"ಹಂಗಾದ್ರೆ ಇಷ್ಟು ದಿನ ಇವ್ರು ನಂಗೆ ಟೋಪಿ ಹಾಕ್ತಿದ್ರು ಅನ್ನು. ಇನ್ಮೇಲೆ ಒಂದಾಳಿನ ಕೆಲ್ಸ ಅಂದ್ರೆ ಇದೇ. ಇಷ್ಟು ಚೀಲ ಮುಗ್ಸಿದೋರಿಗೆ ಪೂರ್ತಿ ಕೂಲಿ, ಇಲ್ದಿದ್ರೆ ಇಲ್ಲ. ನಿನ್ನ ರಿಪೋರ್ಟ್ ಬಂದ ದಿನಾನೇ ಬೋರ್ಡ್ ಬರೆಸ್ತೀನಿ."

ಅವರು ಕೆಟ್ಟವರೇನಲ್ಲ, ವ್ಯಾಪಾರಸ್ಥರು. ಕಣ್ಣಿಗೆ ಕಂಡದ್ದನ್ನು ಹೇಳಿದರು. ಮಾಡಬಲ್ಲವರು ಮಾಡಲಿ ಬಿಡು ಎಂದು ನಾನೂ ಅಂದುಕೊಂಡೇ ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಪ್ಪ ಮುದ್ದೆ ತಿರುವುತ್ತಿದ್ದ. ನಮ್ಮ ಮನೆಯಲ್ಲಿ ಇದು ನಡೆಯುವಂಥದ್ದೇ ಅಲ್ಲ. ಅವ್ವ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಕೋಲು ಹೀಗೆ ತಿರುಗಿಸು, ಹಾಗೆ ಒತ್ತು ಎಂದು ಹೇಳಿಕೊಡುತ್ತಿದ್ದಳು. ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಬೆರಳು ಮಡಿಸಲು ಆಗುತ್ತಿರಲಿಲ್ಲ.

"ಏನಾಯ್ತವ್ವ?"

"ಏನಿಲ್ಲ ಕಣೇ. ನೆನ್ನೆ ಒಸಿ ಜೋರಾಗಿ ಕೊಯ್ದ್ವಲ್ಲ, ಅದಕ್ಕೇ. ನಿಮ್ ದೊಡ್ಡವ್ವ ಎಲ್ರಿಗೂ ಹೇಳಿದ್ಲು, ಇವತ್ತಿಂದು ಕೂಲಿ ಅಲ್ಲ ಕಣ್ರೇ, ಹುಡ್ಗೀಗೆ ಮುಯ್ಯಿ ಅಂತ. ನಾವು ಮಾಡಿದ್ ನೋಡಿ ತಾನೇ ನಿಂಗೆ ಮಾರ್ಕ್ಸ್ ಕೊಡೋದು?"

ನಮ್ಮ ಕಡೆ ಮುಯ್ಯಾಳು ಎಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದರಲ್ಲಿ ಕೂಲಿಯ ಮಾತಿಲ್ಲ, ಅದಕ್ಕೇ ಯಾರೂ ಮೈ ಉಳಿಸಿಕೊಳ್ಳುವುದಿಲ್ಲ. ಸ್ವಂತ ಹೊಲದಲ್ಲಿ ಮರದ ನೆರಳು ಹುಡುಕುವವಳು ಕೂಡ ಮುಯ್ಯಿಗೆ ಹೋದರೆ ತಲೆ ಎತ್ತದೆ ದುಡಿಯುತ್ತಾಳೆ. ನನ್ನ ಪಾಲಿನ ಹೊಲ ಎಂದರೆ ಪರೀಕ್ಷೆ. ಅದಕ್ಕೆ ಇವರೆಲ್ಲ ಮುಯ್ಯಾಳಾಗಿ ಬಂದಿದ್ದರು. ಸ್ಟಾಪ್‌ವಾಚಿಗೆ ಕೂಲಿ ಯಾವುದು ಮುಯ್ಯಿ ಯಾವುದು ಎಂದು ಹೇಗೆ ಗೊತ್ತಾಗಬೇಕು? ಗಂಟುಗಂಟಾದ ಮುದ್ದೆ ಮುಂದಿಟ್ಟುಕೊಂಡು ನನಗೆ ಅಳು ಬಂತು. ಅವರ ಪ್ರೀತಿಗೆ ಅಳು, ಆ ಬೋರ್ಡನ್ನು ನೆನೆದು ಹೆದರಿಕೆ. ಒಂದು ದಿನ ಪ್ರೀತಿಯಿಂದ ಮಾಡಿದ್ದನ್ನು ಇನ್ನು ಸುಗ್ಗಿ ಪೂರ್ತಿ ಹೊಟ್ಟೆಪಾಡಿಗೆ ಮಾಡಬೇಕಾಗುತ್ತಿತ್ತು, ಅದೂ ನನ್ನ ಕೈಬರಹದ ಮೇಲೆ.

ಆವತ್ತು ಕಾಲೇಜಿಗೆ ಚಕ್ಕರ್ ಹಾಕಿ ನೇರ ಶೆಡ್ಡಿಗೆ ಹೋದೆ. ಅರ್ಧಕ್ಕರ್ಧ ಹೆಂಗಸರು ಬಂದಿರಲಿಲ್ಲ. ಲಾರಿ ತುಂಬಿಸಲು ಆಳಿಲ್ಲ ಎಂದು ಯಜಮಾನರು ಕೂಗಾಡುತ್ತಿದ್ದರು. ಬಂದವರ ಕೈ ಓಡುತ್ತಿರಲಿಲ್ಲ. ಅದನ್ನೂ ಅಳೆದು ಬರೆದುಕೊಂಡೆ. ದೊಡ್ಡವ್ವ ಬಂದಿದ್ದಳು. ಅವಳ ಹತ್ತಿರ ಕೂತು, ಯಾವಾಗಲೂ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಂಗೆ ಬೇಕಾಗಿರೋದು ಅದು ಎಂದೆ.

"ಮೆತ್ತಗೆ ಮಾಡಿ ಅಂತೀಯಲ್ಲ, ನಾವೇನ್ ಮೈಗಳ್ರಾ?" ಎಂದು ಅವಳು ಮುಖ ತಿರುಗಿಸಿದಳು. ಬೋರ್ಡಿನ ವಿಷಯ ಹೇಳಿದೆ. ಅದು ಅವಳ ತಲೆಗೆ ಹೋಗಲಿಲ್ಲ. "ಬರೆಸ್ಲಿ ಬಿಡು, ನೀನು ಪಾಸಾಗು" ಎಂದಳು.

ರಜೆ ಸಿಕ್ಕಾಗಲೆಲ್ಲ ಹೋಗಿ ಅವರ ನಡುವೆಯೇ ಕೂತೆ. ಮೊದಮೊದಲು ನನ್ನ ಕಂಡೊಡನೆ ಕೈಗಳು ಚುರುಕಾಗುತ್ತಿದ್ದವು. ಬರಬರುತ್ತಾ ನಾನು ಹಳಬಳಾದೆ. ಒಂದು ಮಧ್ಯಾಹ್ನ ಯಾರೋ ಸೊಸೆಯ ಸುದ್ದಿ ತೆಗೆದರು, ಇನ್ನೊಬ್ಬರು ಅದಕ್ಕೆ ಉಪ್ಪುಖಾರ ಹಚ್ಚಿದರು. ಬಾಯಿ ಶುರುವಾದ ಮೇಲೆ ಕೈಯ ನಿಜವಾದ ವೇಗ ಹೊರಗೆ ಬಂತು. ಅದು ಸೋಮಾರಿ ವೇಗವೇನೂ ಅಲ್ಲ. ನಾಳೆಯೂ, ನಾಡಿದ್ದೂ ಬರಬಲ್ಲವರ ವೇಗ.

ಕಾಲೇಜಿನಲ್ಲಿ ನನ್ನ ಗೈಡ್ ಆಗಿದ್ದ ಮೇಷ್ಟ್ರು ಲೆಕ್ಕ ನೋಡಿ ಕನ್ನಡಕ ತೆಗೆದರು. "ಮೊದಲ ದಿನದ್ದನ್ನು ಬಿಟ್ಟರೆ ನೀನು ಅಂದಾಜು ಮಾಡಿದ ಹೊಸ ಬೆಂಚಿನ ಲಾಭ ಹೆಚ್ಚು ಕಾಣುತ್ತೆ. ಅದಕ್ಕೇ ಬಿಟ್ಟೆಯಾ ಅಂತ ಹೊರಗಿನ ಎಕ್ಸಾಮಿನರ್ ಕೇಳ್ತಾರೆ. ಏನು ಹೇಳ್ತೀಯ?"

"ಬಿಟ್ಟಿಲ್ಲ ಸರ್. ಎಲ್ಲ ದಿನದ್ದೂ ಹಾಕಿದೀನಿ. ಮಾರನೇ ದಿನ ಖಾಲಿ ಬಿದ್ದ ಜಾಗಗಳನ್ನೂ ಹಾಕಿದೀನಿ. ಕೆಲಸಗಾರರ ವೇಗ ಮಾಮೂಲಿಗಿಂತ ಎಷ್ಟು ಹೆಚ್ಚಿದೆ ಅಂತ ನೋಡಿ ಲೆಕ್ಕ ಸರಿಪಡಿಸಬೇಕು, ದಣಿವಿಗೆ ಹೊತ್ತು ಬಿಡಬೇಕು ಅಂತ ನೀವೇ ಪಾಠ ಮಾಡಿದ್ದು." ಅವರು ಮತ್ತೆ ಕನ್ನಡಕ ಏರಿಸಿ ಸಹಿ ಹಾಕಿದರು. ಆ ಡಿಗ್ರಿಯ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಅವತ್ತೇ. ದಣಿವೂ ಲೆಕ್ಕಕ್ಕೆ ಬರುತ್ತದೆ ಎಂದು ಪುಸ್ತಕದಲ್ಲೇ ಬರೆದಿಟ್ಟ ವಿದ್ಯೆ ಅದು.

ಯಜಮಾನರಿಗೆ ಕಾಪಿ ಕೊಟ್ಟಾಗ ಅವರು ಸೀಲು ನೋಡಿದರು, ಆಮೇಲೆ ಒಂದಾಳಿಗೆ ಎಷ್ಟು ಚೀಲ ಎಂಬ ಸಂಖ್ಯೆ ನೋಡಿದರು. ಮುಖ ಗಂಟಾಯಿತು.

"ಇದು ಆವತ್ತು ನಾನು ಕಣ್ಣಾರೆ ಕಂಡಿದ್ದಲ್ಲ. ನಿಮ್ಮವ್ವ ಇಲ್ಲಿರೋದಕ್ಕೆ ಹಿಂಗೆ ಬರ್ದಿದೀಯ."

ಮಾತು ಚುಚ್ಚಿತು. ಆದರೆ ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು.

"ಹೌದು ಯಜಮಾನ್ರೇ, ನಮ್ಮವ್ವ ಇಲ್ಲಿರೋದಕ್ಕೇ ನಂಗೆ ಗೊತ್ತಾಗಿದ್ದು. ಇಲ್ದಿದ್ರೆ ಮೊದಲ್ನೇ ದಿನದ್ದೇ ಬರ್ಕೊಂಡು ಹೋಗ್ತಿದ್ದೆ. ಮಾರನೇ ದಿನ ಲಾರಿ ತುಂಬಿಸೋಕೆ ಆಳಿಲ್ಲ ಅಂತ ನೀವೇ ಕೂಗಾಡಿದ್ರಿ. ಎರಡೂ ದಿನ ಕೂಡಿಸಿ ನೋಡಿ, ನಿಮಗೇನು ಸಿಕ್ತು?"

ಅವರು ಎರಡೂ ದಿನದ ಚೀಲಗಳನ್ನು ಕೂಡಿಸಿ ನೋಡಿದರು. ಆಮೇಲೆ ಹಿಂದಿನ ಪುಟ ತಿರುಗಿಸಿ ಬೆಂಚಿನ ಚಿತ್ರದ ಮೇಲೆ ಬೆರಳಿಟ್ಟು, "ಇದ್ರಿಂದ ಜಾಸ್ತಿ ಆಗುತ್ತೆ ಅಂತೀಯಲ್ಲ, ಗ್ಯಾರಂಟಿನಾ?" ಎಂದರು. ಗ್ಯಾರಂಟಿ ಎಂದೆ. "ಸರಿ, ಬಡಗಿಗೆ ಹೇಳ್ತೀನಿ. ಅದು ಆಗೋತನಕ ಬೋರ್ಡ್ ಬೇಡ" ಎಂದರು. ಬೆಂಚು ಬಂತು. ನಾನು ಹೇಳಿದಷ್ಟು ಚೀಲ ಆಯಿತು, ಅದಕ್ಕಿಂತ ಒಂದು ಕೈ ಹೆಚ್ಚೇ ಆಯಿತು. ಬೋರ್ಡ್ ಬರಲೇ ಇಲ್ಲ. ವೈವಾದಲ್ಲಿ ಏನು ಕೇಳಿದರು ಎಂಬುದೇ ಈಗ ಸರಿಯಾಗಿ ನೆನಪಿಲ್ಲ, ಚೆನ್ನಾಗೇ ಆಯಿತು.

ಸುದ್ದಿ ದೊಡ್ಡವ್ವನಿಗೆ ಮುಟ್ಟಿದ್ದು ಬೇರೆ ಥರ. ತಾವು ಮಾಡಿದ್ದಕ್ಕಿಂತ ಕಡಿಮೆ ಎಂದು ಹುಡುಗಿ ಬರೆದಳಂತೆ ಎಂದು ಯಾರೋ ಹೇಳಿದ್ದರು. ಅವಳು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತಳು, ಒಳಗೆ ಬರಲಿಲ್ಲ. ಅವ್ವ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನಿನಗೋಸ್ಕರ ಅಷ್ಟು ಮಾಡಿದ್ವಿ. ಅಷ್ಟನ್ನೂ ಬರಿಯೋಕೆ ನಿಂಗೆ ಏನಾಗಿತ್ತು?"

ಯಜಮಾನರ ಮುಂದೆ ಗಟ್ಟಿಯಾಗಿದ್ದ ನನ್ನ ದನಿ ಅವಳ ಮುಂದೆ ಬಿದ್ದುಹೋಯಿತು. ಅವಳ ಕಾಲ ಹತ್ತಿರ ಕೂತೆ.

"ದೊಡ್ಡವ್ವ, ಆವತ್ತು ನೀವು ಮಾಡಿದ್ದು ನಂಗೆ. ಅದನ್ನ ನಾನು ಯಜಮಾನ್ರಿಗೆ ಯಾಕೆ ಕೊಡ್ಲಿ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೀರಿನ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡಳು.