ಫೋಟೋಕ್ಕೆ ಹಾಕಿದ ಮಲ್ಲಿಗೆ

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಕುಮಟೆಯ ಸ್ಟುಡಿಯೋದಲ್ಲಿ ಬಾಡಿಗೆಯ ಕರಿ ಗೌನು ತೊಟ್ಟು ತೆಗೆಸಿದ ಫೋಟೋವನ್ನು ಮುಟ್ಟಳ್ಳಿಯ ಮನೆಯ ಜಗಲಿಯಲ್ಲಿ ತೂಗುಹಾಕಿದೆ. ಆ ಗೋಡೆಯ ಮೇಲೆ ಅಲ್ಲಿಯವರೆಗೆ ಇದ್ದದ್ದು ದೇವರ ಪಟಗಳು ಮಾತ್ರ. ಅವಕ್ಕೆ ದಿನವೂ ಮಲ್ಲಿಗೆ ಮಾಲೆ ಹಾಕುತ್ತಿದ್ದ ಅಮ್ಮ ನನ್ನ ಫೋಟೋಕ್ಕೂ ಒಂದು ಹಾಕತೊಡಗಿದಳು. ನಾನೂ ಬೇಡವೆನ್ನಲಿಲ್ಲ, ಆ ಡಿಗ್ರಿಗೆ ಪಟ್ಟ ಪಾಡು ನನಗೇ ಗೊತ್ತು.

ಒಂದು ದಿನ ಹಿರೇಗುತ್ತಿಯಿಂದ ಹುಡುಗಿಯ ತಂದೆತಾಯಿ ನನ್ನನ್ನು ನೋಡಲು ಬಂದರು. ನಾನು ಬಾವಿಕಟ್ಟೆಯಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಹುಡುಗಿಯ ತಂದೆ ನನ್ನ ಫೋಟೋ ನೋಡಿ ಅಮ್ಮನನ್ನು ಮೆಲ್ಲಗೆ ಕೇಳುತ್ತಿದ್ದರು:

“ಇವ ದೊಡ್ಡ ಮಗನಾ, ಅಕ್ಕಾ? ತೀರ್ಕಂಡು ಎಷ್ಟು ವರ್ಷ ಆತು?”

“ತೀರ್ಕಂಬುದು ಎಂತಕ್ಕೆ? ಇವನೇ ಹುಡುಗ! ಅಗಾ, ಬಂದ.”

ಹುಡುಗಿಯ ತಾಯಿ ಎದ್ದೇಬಿಟ್ಟರು. “ಬದುಕಿದ್ದವ್ನ ಫೋಟೋಕ್ಕೆ ಯಾರಾದ್ರೂ ಮಾಲೆ ಹಾಕ್ತಾರಾ? ಅಪಶಕುನ. ನಡೀರಿ, ಹೋಗ್ವ.”

ಸಂಬಂಧ ತಪ್ಪಿತು ಎಂದುಕೊಂಡೆ. ಅಮ್ಮ ಮಾತ್ರ ಅಂಜಲಿಲ್ಲ.

“ಬದಿಯ ಪಟಕ್ಕೂ ಮಾಲೆ ಇದೆ, ನೋಡಿ. ದೇವ್ರು ಸತ್ತು ಹೋದ್ನಾ?”

ಹುಡುಗಿಯ ತಂದೆಗೆ ನಗು ತಡೆಯಲಾಗಲಿಲ್ಲ. ಅಮ್ಮ ಫೋಟೋದ ಮಾಲೆ ತೆಗೆದಿಟ್ಟು, ಅದೇ ಮಲ್ಲಿಗೆ ಗಿಡದ ಹೊಸ ಹೂವು ತಂದು ಆ ತಾಯಿಯ ಮುಂದೆ ಹಿಡಿದಳು. ಅವರು ಮತ್ತೆ ಕೂತು ಅದನ್ನು ಮುಡಿದುಕೊಂಡರು. ಒಪ್ಪಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.