ನೀರುನಾಯಿಗಳು ಸತ್ತ ಬೇಸಿಗೆ

ಕೊರೊನಾ ಹಾವಳಿ ಇಳಿದ ಮರುವರ್ಷ ನಾನು ತುರುವೇಕೆರೆ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಹಸುಗಳ ಕೆಚ್ಚಲು ಬಾವು, ಕುರಿಗಳ ಲಸಿಕೆ, ಕಷ್ಟದ ಹೆರಿಗೆ, ಇವೇ ನನ್ನ ದಿನದ ಕೆಲಸ. ಕಾಡುಪ್ರಾಣಿಗಳ ಶವಪರೀಕ್ಷೆಗೆ ಅರಣ್ಯ ಇಲಾಖೆಯವರು ಕರೆಯುತ್ತಿದ್ದದ್ದು ಅಪರೂಪ. ಬಾವಿಗೆ ಬಿದ್ದ ಚಿರತೆ, ಕರೆಂಟು ತಗುಲಿದ ನವಿಲು, ಅಷ್ಟೇ.

ದಂಡಿನಶಿವರದ ಕಡೆಯ ಒಂದು ಕೆರೆಯಲ್ಲಿ ನೀರುನಾಯಿಗಳ ಸಂಸಾರವೊಂದಿತ್ತು. ಕೆರೆಗೆ ಹೇಮಾವತಿ ನೀರು ಬರತೊಡಗಿದ ಮೇಲೆ ನಾಲೆಯ ಗುಂಟ ಈಜಿಕೊಂಡು ಬಂದವು ಅಂತ ಊರವರು ಹೇಳುತ್ತಿದ್ದರು. ಒಟ್ಟು ಏಳು. ಬೆಳಗ್ಗೆ ತೂಬಿನ ಕಲ್ಲಿನ ಮೇಲೆ ಸಾಲಾಗಿ ಕೂತು ಮೈ ಒಣಗಿಸಿಕೊಳ್ಳುವುದನ್ನು ನಾನೂ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿ ಎಷ್ಟೋ ಸಲ ನೋಡಿದ್ದೆ.

ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವರು ರಂಗಣ್ಣ. ಐವತ್ತು ದಾಟಿದ, ಮಾತು ಒರಟಾದ ಮನುಷ್ಯ. ನೀರುನಾಯಿಗಳು ಅವರ ಬಲೆ ಹರಿದು ಮೀನು ತಿನ್ನುತ್ತಿದ್ದವು. ಒಂದು ದಿನ ಟೀ ಅಂಗಡಿಯಲ್ಲಿ ಹತ್ತು ಜನರ ಎದುರು ಹರಿದ ಬಲೆ ಹಿಡಿದುಕೊಂಡು, "ಇವಕ್ಕೊಂದ್ ಗತಿ ಕಾಣಿಸ್ದೆ ಬುಡಲ್ಲ ಕಣ್ಲಾ ನಾನು" ಅಂದಿದ್ದರಂತೆ. ಆಗ ಕೇಳಿದವರು ನಕ್ಕು ಸುಮ್ಮನಾಗಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಎರಡು ನೀರುನಾಯಿಗಳು ತೂಬಿನ ಹತ್ತಿರ ಸತ್ತು ಬಿದ್ದಿದ್ದವು. ಹೊಸದಾಗಿ ಬಂದಿದ್ದ ವಲಯ ಅರಣ್ಯಾಧಿಕಾರಿ ನನಗೆ ಫೋನ್ ಮಾಡಿದರು. ನಾನು, ನಮ್ಮ ಆಸ್ಪತ್ರೆಯ ಅಟೆಂಡರ್ ಸಿದ್ದರಾಜು ಇಬ್ಬರೂ ಹೋದೆವು. ಏರಿಯ ಕೆಳಗೆ ಟಾರ್ಪಾಲು ಹಾಸಿ ಶವ ಕೊಯ್ದೆವು. ಬಾಯಲ್ಲಿ ನೊರೆ, ಶ್ವಾಸಕೋಶದಲ್ಲಿ ನೀರು. ಸಣ್ಣ ಕರುಳು ಊದಿ ಕಡುಗೆಂಪಾಗಿತ್ತು. ಒಳಗೆ ರಕ್ತ ಬೆರೆತ ನೀರು. ಇಲಿ ಪಾಷಾಣ ತಿಂದ ನಾಯಿ, ಬೆಕ್ಕುಗಳಲ್ಲಿ ನಾನು ಕಂಡಿದ್ದೂ ಹೆಚ್ಚುಕಮ್ಮಿ ಹೀಗೇ. ಶವಗಳು ಆಗಲೇ ಸ್ವಲ್ಪ ಕೊಳೆಯತೊಡಗಿದ್ದವು.

ವಿಷ ಇದೆಯೇ ಎಂಬ ಪರೀಕ್ಷೆಗೆ ಜಠರ, ಯಕೃತ್ತಿನ ತುಂಡುಗಳನ್ನು ಉಪ್ಪುನೀರಿನಲ್ಲಿ ಹಾಕಿ ಸೀಲು ಮಾಡಿದೆ. ಆ ವರದಿ ಬರಲು ತಿಂಗಳುಗಟ್ಟಲೆ ಬೇಕು.

"ಮೇಡಂ, ವಿಷ ಅನ್ಸುತ್ತಾ?" ಎಂದು ಅಧಿಕಾರಿ ಕೇಳಿದರು.

"ಇರಬಹುದು. ಲ್ಯಾಬ್ ರಿಪೋರ್ಟ್ ಬರಲಿ."

"ಮೇಲಿನವರಿಗೆ ಇವತ್ತೇ ಏನಾದ್ರೂ ಹೇಳ್ಬೇಕು. ಪ್ರಾಥಮಿಕ ವರದಿಯಲ್ಲಿ ಒಂದು ಸಾಲು ಬರೆದುಕೊಡಿ, ಸಾಕು."

ಬಿಸಿಲು ಏರಿತ್ತು. ಒಂದು ಹಳ್ಳಿಯಲ್ಲಿ ಕರು ಹಾಕಲಾರದ ಹಸು ನನಗಾಗಿ ಕಾಯುತ್ತಿತ್ತು. ಸಾವಿಗೆ ಕಾರಣ ಎಂಬ ಜಾಗದಲ್ಲಿ "ವಿಷಪ್ರಾಶನದ ಶಂಕೆ" ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಅರಣ್ಯ ಸಿಬ್ಬಂದಿ ರಂಗಣ್ಣನ ಗುಡಿಸಲು ಶೋಧಿಸಿದರು. ಬಲೆಗಳ ಹಿಂದೆ ಇಲಿ ಪಾಷಾಣದ ಪೊಟ್ಟಣ ಸಿಕ್ಕಿತು. ಆ ಸೀಮೆಯಲ್ಲಿ ಅದು ಇಲ್ಲದ ಮನೆ ಕಡಿಮೆ. ತೆಂಗಿನ ಮರ ಹತ್ತಿ ಎಳೆಗಾಯಿ ಕೊರೆಯುವ ಇಲಿಗಳಿಗೆ ಎಲ್ಲರೂ ಇಡುತ್ತಾರೆ. ಆದರೆ ಟೀ ಅಂಗಡಿಯ ಮಾತು, ಪೊಟ್ಟಣ, ನನ್ನ ಸಾಲು ಮೂರೂ ಒಟ್ಟಿಗೆ ಸೇರಿದವು. ನೀರುನಾಯಿ ಕೊಲ್ಲುವುದು ವನ್ಯಜೀವಿ ಕಾಯ್ದೆಯಡಿ ದೊಡ್ಡ ಅಪರಾಧ. ಸಂಜೆಯೊಳಗೆ ಅವರನ್ನು ಕರೆದೊಯ್ದರು. ಮಾರನೆಯ ದಿನ ನ್ಯಾಯಾಂಗ ಬಂಧನವಾಯಿತು.

ಅದರ ಮರುದಿನ ಅವರ ಹೆಂಡತಿ ಜಯಮ್ಮ ಆಸ್ಪತ್ರೆಗೆ ಬಂದರು. ಹಸು ತೋರಿಸಲು ಬಂದವರು ಹೋಗುವ ತನಕ ಜಗಲಿಯಲ್ಲೇ ಕೂತಿದ್ದರು.

"ಬಲೇಲಿ ಸಿಕ್ಕಾಕೊಂಡಿದ್ ಮರೀನ ಬುಡಿಸಿ ನೀರಿಗ್ ಬುಟ್ಟೋರು ನಮ್ಮೋರೇ ಕಣಮ್ಮ. ಕೈ ಕಚ್ಚುಸ್ಕೊಂಡು ಬಂದಿದ್ರು, ನೀವೇ ಹೇಳಿ ಇಂಜೆಕ್ಷನ್ ಮಾಡುಸ್ಕೊಂಡ್ರು. ಬಾಯಿ ಜೋರು. ವಿಷ ಇಕ್ಕೋ ಜನ ಅಲ್ಲ."

ನನಗೆ ನೆನಪಾಯಿತು. ಹಿಂದಿನ ಮಳೆಗಾಲ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ ರಂಗಣ್ಣನನ್ನು ರೇಬೀಸ್ ಲಸಿಕೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸಿದ್ದವಳು ನಾನೇ. "ಪೂರ್ತಿ ವರದಿ ಬರಲಿ ಜಯಮ್ಮ" ಎಂದೆ.

ಮೊದಲ ಶವಗಳು ಸಿಕ್ಕ ನಾಲ್ಕನೆಯ ದಿನ ಮತ್ತೆ ಕರೆ ಬಂತು. ಈ ಸಲ ಹೆಣ್ಣು ನೀರುನಾಯಿಯೊಂದು ಇನ್ನೂ ಜೀವಂತವಿತ್ತು. ತೂಬಿನ ಮೆಟ್ಟಿಲ ಮೇಲೆ ಮಲಗಿ, ನೀರಿಗೆ ಮೂತಿ ಚಾಚುತ್ತಿತ್ತು, ಕುಡಿಯಲು ಆಗುತ್ತಿರಲಿಲ್ಲ. ಹಿಂಭಾಗವೆಲ್ಲ ರಕ್ತದ ಭೇದಿ. ಚರ್ಮದಡಿಗೆ ಗ್ಲೂಕೋಸ್ ಕೊಟ್ಟೆ. ಅರ್ಧ ಗಂಟೆಯಲ್ಲಿ ಸತ್ತುಹೋಯಿತು. ಸತ್ತು ಒಂದು ಗಂಟೆಯೊಳಗೆ ಕೊಯ್ದೆ. ಹೊಟ್ಟೆ ಖಾಲಿಯಿತ್ತು. ಕರುಳಿನ ಒಳಪದರ ಕೈಯಿಟ್ಟ ಕಡೆ ಸುಲಿದು ಬರುತ್ತಿತ್ತು. ಈ ಸಲ ಯಕೃತ್ತು, ಗುಲ್ಮ, ಹೃದಯದ ರಕ್ತವನ್ನು ಬ್ಯಾಕ್ಟೀರಿಯಾ ಪರೀಕ್ಷೆಗೆ ಕಳಿಸಿದೆ. ಕರುಳಿನ ಒಂದು ತುಂಡನ್ನು ಮೂರು ಪದರ ಪ್ಯಾಕ್ ಮಾಡಿ, ನಮ್ಮ ಆಸ್ಪತ್ರೆಯಲ್ಲಿ ಲಸಿಕೆ ಪೆಟ್ಟಿಗೆಗೆ ಐಸ್ ತಯಾರಿಸುವ ಡೀಪ್ ಫ್ರೀಜರಿನಲ್ಲಿ ಬೇರೆಯಾಗಿ ಇಟ್ಟೆ.

ಇಲಿ ಪಾಷಾಣವಾಗಿದ್ದರೆ ತಿಂದ ಪ್ರಾಣಿ ಒಂದು ದಿನದ ಆಚೀಚೆ ಸಾಯುತ್ತದೆ. ರಂಗಣ್ಣನನ್ನು ಹಿಡಿದೊಯ್ದು ಮೂರು ದಿನವಾದ ಮೇಲೆ ಇದು ಕಾಯಿಲೆ ಬಿದ್ದದ್ದು ಹೇಗೆ? ಅರಣ್ಯಾಧಿಕಾರಿಗೆ ಹೇಳಿದೆ. "ಇಟ್ಟ ವಿಷ ಅಲ್ಲೇ ಎಲ್ಲೋ ಉಳಿದಿರುತ್ತೆ ಬಿಡಿ ಮೇಡಂ" ಅಂದರು. ನಾನು ಒತ್ತಾಯಿಸಲಿಲ್ಲ.

ಒಂಬತ್ತನೆಯ ದಿನ ಬ್ಯಾಕ್ಟೀರಿಯಾ ವರದಿ ಬಂತು. ಯಕೃತ್ತಿನಲ್ಲೂ ರಕ್ತದಲ್ಲೂ ಇ. ಕೋಲಿ, ಕ್ಲಾಸ್ಟ್ರಿಡಿಯಮ್. ಇವೆರಡೂ ಆರೋಗ್ಯವಂತ ಪ್ರಾಣಿಯ ಕರುಳಿನಲ್ಲೇ ಇರುವಂಥವು. ಸತ್ತ ಮೇಲೆ ಮೈಯೆಲ್ಲ ಹರಡುತ್ತವೆ. ಹಾಗಾಗಿ ಲ್ಯಾಬಿನವರು "ಶವ ಕೊಳೆತದ್ದರಿಂದ ಬಂದಿರಬಹುದು" ಎಂದು ಷರಾ ಬರೆದಿದ್ದರು. ಆದರೆ ಈ ಶವ ಕೊಳೆತಿರಲಿಲ್ಲ. ಅದು ನನ್ನ ಕಣ್ಣೆದುರೇ ಸತ್ತದ್ದು.

ನನ್ನ ಸಹಪಾಠಿ ಶೈಲಜಾ ಕರಾವಳಿಯ ಒಂದು ಪ್ರಯೋಗಾಲಯದಲ್ಲಿದ್ದಳು. ದಡಕ್ಕೆ ಬಂದು ಬೀಳುವ ಡಾಲ್ಫಿನ್, ಕಡಲಾಮೆಗಳ ಕರುಳಿನ ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳೇ ಅವಳ ಕೆಲಸ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಸಮುದ್ರದ ಪ್ರಾಣಿಗಳಲ್ಲಿ ನಾವೂ ಇದೇ ತಪ್ಪು ಮಾಡಿದೀವಿ ಕಣೇ" ಅಂದಳು. "ಬ್ಯಾಕ್ಟೀರಿಯಾ ಸಿಕ್ಕಿದ ಕೂಡ್ಲೇ ಅದೇ ಕಾರಣ ಅಂತೀವಿ, ಇಲ್ಲಾ ಕೊಳೆತಿದ್ದು ಅಂತ ತಳ್ಳಿಹಾಕ್ತೀವಿ. ಕರುಳಿನ ಗೋಡೆ ಗಟ್ಟಿ ಇರೋವರೆಗೂ ಅವು ರಕ್ತಕ್ಕೆ ಬರಲ್ಲ. ಗೋಡೆ ಒಡೆದದ್ದು ಯಾವುದು, ಅದನ್ನ ನೋಡು. ನಾಯಿಗಳ ಡಿಸ್ಟೆಂಪರ್ ಜಾತಿಯ ವೈರಸ್ ಸಮುದ್ರದ ಸೀಲ್‌ಗಳನ್ನ ಹಿಂಡುಹಿಂಡಾಗಿ ಕೊಂದಿದೆ. ನಿಮ್ಮ ಕಡೆ ನಾಯಿಗಳಿಗೇನಾದ್ರೂ ಕಾಯಿಲೆ ಇತ್ತಾ?"

ಇತ್ತು. ಹಿಂದಿನ ತಿಂಗಳು ಪೂರ್ತಿ ನಮ್ಮ ಆಸ್ಪತ್ರೆಗೆ ರಕ್ತಭೇದಿಯ ನಾಯಿಗಳು ಬಂದಿದ್ದವು. ಪಾರ್ವೊ ಎಂಬ ವೈರಸ್‌ನ ಕಾಯಿಲೆ, ಕರುಳಿನ ಒಳಪದರವನ್ನೇ ಸುಲಿದುಹಾಕುತ್ತದೆ. ದಿನಾ ಅದಕ್ಕೇ ಡ್ರಿಪ್ ಹಾಕುತ್ತಿದ್ದವಳು ಟಾರ್ಪಾಲಿನ ಮೇಲೆ ಅದೇ ಕರುಳು ಕಂಡಾಗ ಗುರುತು ಹಿಡಿದಿರಲಿಲ್ಲ.

ಫ್ರೀಜರಿನಲ್ಲಿದ್ದ ತುಂಡನ್ನು ಐಸ್ ಪೆಟ್ಟಿಗೆಯಲ್ಲಿ ಸೀಲು ಮಾಡಿ, ಇಲಾಖೆಯ ಪತ್ರದ ಜತೆ ಸಿದ್ದರಾಜುವಿಗೆ ಕೊಟ್ಟೆ. ಅವನು ಕಿಬ್ಬನಹಳ್ಳಿಯಲ್ಲಿ ಬಸ್ ಹಿಡಿದು, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡೇ ಕರಾವಳಿಗೆ ಹೋಗಿ ಬಂದ. ಹದಿಮೂರನೆಯ ದಿನ ಶೈಲಜಾ ಫೋನ್ ಮಾಡಿದಳು. ನಾಯಿಗಳ ಪಾರ್ವೊವೈರಸ್, ಅನುಮಾನವೇ ಇಲ್ಲ.

ನಾನು ಫೋನಿನಲ್ಲಿ ಮಾತಾಡಿದ್ದನ್ನು ಸಿದ್ದರಾಜು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದ.

"ಮೇಡಂ, ನಮ್ಮಲ್ಲಿ ಡ್ರಿಪ್ ಹಾಕ್ದಾಗ ಸತ್ತೋದ್ವಲ್ಲ, ಆ ಎರಡು ನಾಯಿ. ಹೂತಾಕು ಅಂದಿದ್ರಿ. ಹಿಂದ್ಗಡೆ ಕಲ್ ನೆಲ, ಗುಂಡಿ ತೋಡಕ್ಕಾಗ್ಲಿಲ್ಲ. ಕೆರೆ ಕೋಡಿ ಹತ್ರ ಪೊದೇಲಿ ಹಾಕ್ಬಂದೆ. ಊರೋರೂ ಅವರವ್ರ ಮರಿಗಳ್ನ ಅಲ್ಲೇ ಹಾಕಿದ್ರು."

ಹೂತಾಯಿತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸಂಜೆ ಹೋಗಿ ನೋಡಿದೆವು. ಪೊದೆಯಲ್ಲಿ ಮೂಳೆ, ಚರ್ಮದ ಚೂರುಗಳಿದ್ದವು. ಅಲ್ಲಿಂದ ನೀರಿಗೆ ಹತ್ತು ಹೆಜ್ಜೆ. ಒದ್ದೆ ಮಣ್ಣಿನಲ್ಲಿ ನೀರುನಾಯಿಯ ಹೆಜ್ಜೆಗುರುತು ಪೊದೆಯವರೆಗೂ ಇತ್ತು.

ಪರಿಷ್ಕೃತ ವರದಿ ಬರೆದೆ. ಕಾರಣ ಪಾರ್ವೊವೈರಸ್, ಅದರ ಹಿಂದೆಯೇ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ಸಾವು. ಸೋಂಕಿನ ಮೂಲ ಎಂಬಲ್ಲಿ "ಬೀದಿನಾಯಿಗಳಿಂದ ಬಂದಿರಬಹುದು" ಎಂದೆ. ಸಿದ್ದರಾಜು ಗುತ್ತಿಗೆಯ ನೌಕರ, ಅವನ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ನನಗೂ ಭಯವಿತ್ತು.

ಹದಿನೈದನೆಯ ದಿನ ರಂಗಣ್ಣ ಬಿಡುಗಡೆಯಾದರು. ಅಷ್ಟರಲ್ಲಿ ಮೀನುಗಾರರ ಸಂಘ ಕೆರೆಯನ್ನು ಬೇರೆಯವರಿಗೆ ವಹಿಸಿತ್ತು. ನಾಲ್ಕನೆಯ ನೀರುನಾಯಿಯ ಶವ ನಾಲೆಯ ಬಾಯಲ್ಲಿ ಸಿಕ್ಕಿತು. ಉಳಿದ ಮೂರನ್ನು ಯಾರೂ ಮತ್ತೆ ಕಾಣಲಿಲ್ಲ.

ಒಂದು ತಿಂಗಳ ಮೇಲೆ ವರದಿಯ ಪ್ರತಿ ಹಿಡಿದುಕೊಂಡು ರಂಗಣ್ಣನನ್ನು ಹುಡುಕಿ ಹೋದೆ. ತಿಪಟೂರಿನ ಹತ್ತಿರ ಒಂದು ತೆಂಗಿನಕಾಯಿ ಮಂಡಿಯ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ತಿರುಗಿಸುವ ಕೆಲಸ. ಬಲೆ ಹಿಡಿದ ಕೈಗೆ ಅದು ಒಗ್ಗಿರಲಿಲ್ಲ, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ವರದಿ ಕೊಟ್ಟೆ. ಬರೆಯದೆ ಬಿಟ್ಟದ್ದನ್ನೂ, ಆಸ್ಪತ್ರೆಯ ನಾಯಿಗಳ ವಿಷಯವನ್ನೂ, ಬಾಯಲ್ಲಿ ಹೇಳಿದೆ.

ಅವರು ಕಾಗದವನ್ನು ತಿರುಗಿಸಿ ನೋಡಿದರು. "ಈಗ ಹೇಳಿದ್ರಲ್ಲ, ಅದೂ ಇದ್ರಲ್ಲಿ ಐತಾ?"

"ಇಲ್ಲ ರಂಗಣ್ಣ."

"ನನ್ ಮೇಲೆ ಬಂದಾಗ ಬರ್ದ್ರಿ, ಡಾಕ್ಟ್ರಮ್ಮ. ಸಾಕ್ಷಿ ಇರ್ನಿಲ್ಲ, ಆದ್ರೂ ಬರ್ದ್ರಿ. ನಿಮ್ ಮೇಲೆ ಬಂದಾಗ ಸಾಕ್ಷಿ ಐತೆ, ಬರೀನಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಕಾಗದ ಮಡಿಸಿ ನನ್ನ ಕೈಗೆ ವಾಪಸು ಕೊಟ್ಟು, ಮತ್ತೆ ಕೂತು ಇನ್ನೊಂದು ಕಾಯಿ ಎತ್ತಿಕೊಂಡರು.

ಮಾರನೆಯ ದಿನ ಇಲಾಖೆಗೆ ಹೆಚ್ಚುವರಿ ಪತ್ರ ಬರೆದೆ. ಸತ್ತ ನಾಯಿಗಳನ್ನು ಸರಿಯಾಗಿ ಹೂಳಿಸುವ ಹೊಣೆ ವೈದ್ಯಾಧಿಕಾರಿಯದು, ಅದರಲ್ಲಿ ನಾನು ತಪ್ಪಿದ್ದೇನೆ ಎಂದು. ಕಾರಣ ಕೇಳುವ ನೋಟಿಸು, ಆಮೇಲೆ ಒಂದು ಎಚ್ಚರಿಕೆಯ ಪತ್ರ ಬಂದವು. ಸಿದ್ದರಾಜುವಿನ ಗುತ್ತಿಗೆಯನ್ನು ಆ ವರ್ಷ ಮುಂದುವರಿಸಲಿಲ್ಲ. ವಿಷ ಪರೀಕ್ಷೆಯ ವರದಿ ಮಳೆಗಾಲ ಮುಗಿದ ಮೇಲೆ ಬಂತು. ಯಾವ ವಿಷವೂ ಇರಲಿಲ್ಲ. ಹೆಚ್ಚುವರಿ ಪತ್ರದ ಪ್ರತಿಯನ್ನು ಅಂಚೆಯಲ್ಲಿ ರಂಗಣ್ಣನಿಗೂ ಕಳಿಸಿದ್ದೆ. ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಅವರು ಕೆರೆಗೆ ಮರಳಲಿಲ್ಲ.

ಮೂವತ್ತು ವರ್ಷ ನನ್ನಿಂದ ಎಲ್ಲರೂ ಬಯಸಿದ್ದು ಬೇಗನೆ ಒಂದು ಉತ್ತರ. ಶವದ ಮುಂದೆ ನಿಂತ ಮೊದಲ ದಿನ ವೈದ್ಯರಿಗೆ ಗೊತ್ತಿರುವುದು ಬಹಳ ಕಡಿಮೆ. ಗೊತ್ತಿಲ್ಲ ಎಂದು ಬರೆಯಲು ನಮೂನೆಯಲ್ಲಿ ಜಾಗವಿತ್ತು, ಯಾರೂ ಬೇಡವೆಂದಿರಲಿಲ್ಲ. ಆ ಬೇಸಿಗೆಯ ನಂತರ ನಿವೃತ್ತಿಯ ದಿನದವರೆಗೂ, ಗೊತ್ತಿಲ್ಲದಾಗಲೆಲ್ಲ ನಾನು ಅದನ್ನೇ ಬರೆದೆ, ಅಧಿಕಾರಿಗಳು ಬೇಸರಪಟ್ಟುಕೊಂಡರೂ. ಅದನ್ನು ಕಲಿತವಳು ನಾನು, ಅದಕ್ಕೆ ಬೆಲೆ ತೆತ್ತವರು ಬೇರೆಯವರು.