ಮೈಕಿನಲ್ಲಿ ಅಂದದ್ದು

ಮೈಕ್ ಕಂಡರೆ ನಮ್ಮ ಅಣ್ಣನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ತೆಲಂಗಾಣದ ಗಡಿಯ ನಾರಾಯಣಖೇಡದಲ್ಲಿ ಅವನದು ಬಟ್ಟೆ ಅಂಗಡಿ. ಆದರೆ ಊರಿಗೆ ಅವನ ಗುರುತು ಮಾತಿನಿಂದ. ಮದುವೆ, ಸನ್ಮಾನ, ಗಣಪತಿ ಪೆಂಡಾಲು, ಎಲ್ಲದಕ್ಕೂ ಅವನೇ ಬೇಕು. ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ನಗಿಸಿ, ಉರ್ದುವಿನಲ್ಲಿ ಮುಗಿಸುತ್ತಾನೆ. ನನಗೂ ಅದರ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಚೌಕದ ಗಣಪತಿ ಪೆಂಡಾಲಿನಲ್ಲಿ ಅವನು ಮುಸಲ್ಮಾನರ ಪ್ರವಾದಿಯ ಬಗ್ಗೆ ಒಂದು ಹಗುರ ಮಾತು ಆಡಿದ. ಏನೆಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಜನ ನಕ್ಕರು. ನಕ್ಕರಲ್ಲ ಎಂದು ಅದನ್ನೇ ಇನ್ನೊಮ್ಮೆ ಅಂದ. ಯಾಕೆ ಹಾಗಂದೆ ಎಂದು ಮಸೀದಿ ಓಣಿಯ ಹುಡುಗರು ಕೇಳಲು ಬಂದರು, ಮಾತಿಗೆ ಮಾತು ಬೆಳೆಯಿತು, ಎರಡೂ ಕಡೆಯಿಂದ ಕಲ್ಲು ಹಾರಿದವು. ಚೌಕದ ಅಂಚಿನಲ್ಲಿ ಗಾಡಿ ಮುಚ್ಚುತ್ತಿದ್ದ ಬಳೆಗಾರ ಚಾಚಾನ ಎಡಗಣ್ಣಿಗೆ ಒಂದು ಕಲ್ಲು ಬಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿದ ಮುದುಕ. ನನ್ನ ಮದುವೆಯ ಹಸಿರು ಬಳೆ ತೊಡಿಸಿದ್ದೂ ಅವನೇ. ಅವನನ್ನು ಜಹೀರಾಬಾದಿನ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಹೈದರಾಬಾದಿಗೆ. ಕಣ್ಣು ಉಳಿಯಲಿಲ್ಲ.

ಆ ಕಲ್ಲು ಯಾವ ಕಡೆಯದೋ ಇವತ್ತಿಗೂ ಗೊತ್ತಿಲ್ಲ. ಅಣ್ಣ ಅದನ್ನೇ ಹಿಡಿದು ಕೂತ.

“ಮಾತಾಡದು ನಮ್ಮ ಹಕ್ಕು ಅಂತ ಸಾಲ್ಯಾಗ ಹೇಳಿಕೊಡಾಕಿ ನೀನೇ ಅಲ್ಲೇನು? ನಾ ಮಾತಾಡೀನಿ. ಕಲ್ಲು ಒಗದವ್ರನ್ನ ಕೇಳು.”

ನಿಜ, ನಾನು ಸಮಾಜ ಪಾಠದ ಟೀಚರು, ಹಕ್ಕಿನ ಪಾಠ ಮಾಡುವವಳು ನಾನೇ. ಅವನನ್ನು ಜೈಲಿಗೆ ಹಾಕಿ ಎಂದು ನಾನೂ ಹೇಳುತ್ತಿರಲಿಲ್ಲ. ಆದರೆ ನಗುವೆಲ್ಲ ಇವನ ಪಾಲಿಗೆ, ಕಣ್ಣು ಹೋದದ್ದು ಚಾಚಾನ ಪಾಲಿಗೆ ಅಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಊರಲ್ಲಿ ತಲೆ ಎತ್ತಿ ನಡೆಯಲು ನಾಚಿಕೆಯಾಗುತ್ತಿತ್ತು. ಬೈದೆ, ಅತ್ತೆ, ಅವನ ಜೊತೆ ಮಾತು ಬಿಟ್ಟೆ. ಕೊನೆಗೆ ಒಂದು ದಿನ ನನ್ನ ಜೊತೆ ಚಾಚಾನ ಮನೆಗೆ ಬಂದ.

ಚಾಪೆಯ ಮೇಲೆ ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ತಪ್ಪಾಯಿತು ಎಂದ. ಚಾಚಾ ಚಹಾ ತರಿಸಿದ. ಅಣ್ಣ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಚಾಚಾ ಹೇಳಿದ.

“ಅವತ್ತು ನೀ ಅಂದಿದ್ದು ನಾಕು ಓಣಿಗೆ ಕೇಳಿಸ್ತು. ಇವತ್ತು ಅಂದಿದ್ದು ಒಳಗಿರೋ ನನ್ನ ಹೆಂಡತಿಗೂ ಕೇಳಿಸಿಲ್ಲ. ಮೈಕ್‌ನ್ಯಾಗ ಅನ್ನು, ಬೇಟಾ.”

ಅಣ್ಣ ಹೂಂ ಎಂದ.

ಬಸವ ಜಯಂತಿಗೆ ಅದೇ ಚೌಕದಲ್ಲಿ ಮಕ್ಕಳಿಗೆ ಬಹುಮಾನ ಕೊಡುವ ಕಾರ್ಯಕ್ರಮವಿತ್ತು. ಯಾರು ಹೇಳಿದ್ದರೋ, ಚಾಚಾ ಬಂದು ತನ್ನ ಗಾಡಿಯ ಪಕ್ಕದಲ್ಲಿ ನಿಂತಿದ್ದ. ಅಣ್ಣ ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ ಎಂದುಕೊಂಡೆ. ಊಟದ ವ್ಯವಸ್ಥೆ ಯಾವ ಕಡೆ ಇದೆ ಎಂದು ಹೇಳಿದ. ಇನ್ನು ಮಕ್ಕಳಿಗೆ ನನ್ನ ತಂಗಿ ಎರಡು ಮಾತು ಹೇಳುತ್ತಾಳೆ ಎಂದು ಮೈಕನ್ನು ನನ್ನ ಕೈಗೆ ಕೊಟ್ಟು ಇಳಿದುಬಿಟ್ಟ.

ಎದುರಿಗೆ ನಮ್ಮ ಮಂದಿ, ನಮ್ಮ ಬೀಗರು, ನಮ್ಮ ಶಾಲೆಯ ಹೆಡ್‌ಮಾಸ್ತರರು. ಆಚೆ ಚಾಚಾ ಬಿಸಿಲಿಗೆ ಸುತ್ತಿಕೊಂಡಿದ್ದ ಟವೆಲನ್ನು ಕಿವಿಯಿಂದ ಸರಿಸಿ ಕೇಳುತ್ತ ನಿಂತಿದ್ದ. ಅಣ್ಣ ಹೇಳದ್ದನ್ನು ನಾನು ಹೇಳಬಹುದಿತ್ತು. ಚೆನ್ನಾಗಿ ಓದಿ, ತಂದೆ ತಾಯಿಗೆ ಒಳ್ಳೆಯ ಹೆಸರು ತನ್ನಿ ಎಂದೆ. ಗಾಡಿಯ ಕಡೆ ನೋಡಲಿಲ್ಲ. ಚಪ್ಪಾಳೆ ಬಿತ್ತು.

ಮೆಟ್ಟಿಲು ಇಳಿಯುವಾಗ ಕಾರ್ಯಕ್ರಮದವರೊಬ್ಬರು ಕೈಮುಗಿದರು.

“ಅಣ್ಣನಂಗೇ ಚಂದ ಮಾತಾಡ್ತೀರಿ, ಮೇಡಂ.”